ಬೆಳಕಿನ ಪೆನ್ನು ಮತ್ತು ಕಾಕಾನ ಊಟ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ನನಗೆ ಸಂಕೋಚವಿಲ್ಲ. ಕೆಟ್ಟದ್ದನ್ನು ನಾನೇ ಕೆಡಿಸಿದೆ ಎನ್ನಲು ಮಾತ್ರ ನಾಲಿಗೆ ಏಳುವುದಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ, ಸಾಲಿ ಮಾಸ್ತರಿಕೆಯ ಜೊತೆಗೆ, ಗೋಕಾಕದ ಮನೆಯಲ್ಲಿ ತತ್ವಪದಗಳ ಕ್ಯಾಸೆಟ್ ಮಾಡುತ್ತಿದ್ದೆ. ಮುಂಬಯಿಯ ಸ್ಟುಡಿಯೋ ಒಂದು ಹಳತಾಯಿತೆಂದು ಬಿಟ್ಟುಕೊಟ್ಟ ಸಂಗೀತದ ಕಂಪ್ಯೂಟರು ನನ್ನ ಬಳಿಯಿತ್ತು. ಅದಕ್ಕೊಂದು ಬೆಳಕಿನ ಪೆನ್ನು. ಹಸಿರು ಪರದೆಗೆ ಅದನ್ನು ಮುಟ್ಟಿಸಿದರೆ ಒಳಗೆ ಹಿಡಿದಿಟ್ಟ ನಾದ ಹೊರಡುತ್ತಿತ್ತು, ಮುಟ್ಟಿಸದಿದ್ದರೆ ಯಂತ್ರ ಮಿಸುಕುತ್ತಿರಲಿಲ್ಲ.

ದಸರೆಯ ಮರುದಿನ ಪೆನ್ನು ಕೈಕೊಟ್ಟಿತು. ಅದರ ಮಾರನೆಯ ಬೆಳಿಗ್ಗೆ ಕುಲಗೋಡದ ಭೀಮವ್ವಜ್ಜಿ ಹಾಡಲು ಬರುವವಳಿದ್ದಳು. ತನ್ನ ಏಕತಾರಿ ಮುರಿದ ಮೇಲೆ ಹಾಡುವುದನ್ನೇ ಬಿಟ್ಟವಳು. ಮುರಿಯುವ ಮೊದಲು ಅದರ ನಾದವನ್ನು ನಾನು ಯಂತ್ರದಲ್ಲಿ ಹಿಡಿದಿಟ್ಟಿದ್ದೆ. "ಅದನ್ನ ಕೇಳಿಸಿದ್ರ ಹಾಡ್ತೇನಿ ತಮ್ಮಾ. ಇಲ್ಲಂದ್ರ ಇನ್ನೊಮ್ಮಿ ಕರೀಬ್ಯಾಡ" ಎಂದಿದ್ದಳು. ಅವಳ ಪದಗಳು ಬೇರೆ ಯಾರ ಬಾಯಲ್ಲೂ ಇರಲಿಲ್ಲ. ಗಾಬರಿಯಲ್ಲಿ ತರಕಾರಿ ಚಾಕುವಿನಿಂದ ಪೆನ್ನು ಬಿಚ್ಚಿದೆ. ಒಳಗಿನ ಸಣ್ಣ ತಂತಿ ಕಿತ್ತು ಕೈಗೆ ಬಂತು.

ಮೂಡಲಗಿಯ ರೇಡಿಯೋ ರಿಪೇರಿ ಶಾಂತಣ್ಣ ಕಾಕಾನಿಗೆ ಫೋನು ಮಾಡಿ, ನಾಳೆ ಅಜ್ಜಿ ಬರುವುದನ್ನೂ ಹೇಳಿದೆ. ಮಧ್ಯಾಹ್ನದ ಬಸ್ಸಿಗೆ ಬಂದೇಬಿಟ್ಟರು. ಜೈನರು, ಹೊತ್ತು ಮುಳುಗಿದ ಮೇಲೆ ಹನಿ ನೀರನ್ನೂ ಮುಟ್ಟುವವರಲ್ಲ. ಅದಕ್ಕೇ ನನ್ನ ಹೆಂಡತಿ ನಾಲ್ಕು ಗಂಟೆಗೇ ಹೋಳಿಗೆ ಮಾಡಿಟ್ಟಿದ್ದಳು.

"ಏನ್ ಮಾಡಿದ್ರಿ ಮಾಸ್ತರ?"

"ಏನಿಲ್ರಿ ಕಾಕಾ, ತಾನ ಕೆಟ್ಟೈತಿ."

ಎಪ್ಪತ್ತರ ಆ ಕೈ ಒಂದಿಷ್ಟೂ ನಡುಗಲಿಲ್ಲ. ಕೂದಲಿನಂಥ ತಂತಿಗೆ ಬೆಸುಗೆ ಹಾಕುವಾಗ ಉಸಿರು ಬಿಗಿಹಿಡಿದು ಕೂತವನು ನಾನು, ಅವರಲ್ಲ. ಆದರೂ ಪರದೆ ಮಿಸುಕಲಿಲ್ಲ. ಮತ್ತೆ ಬಿಚ್ಚಿದರು, ಒಂದೊಂದೇ ತಂತಿ ಪರೀಕ್ಷಿಸಿದರು.

"ಹೊತ್ತ ಮುಳಗಾಕ ಬಂತ್ರಿ ಕಾಕಾ, ಉಣ್ಣಾಕ ಏಳ್ರಿ" ಎಂದು ಹೆಂಡತಿ ಮೂರು ಸಲ ಕರೆದಳು.

"ಇದೊಂದ್ ನೋಡ್ತೇನವ್ವಾ. ಮುದುಕಿ ನಾಳೆ ಬರಾಕಿ ಅದಾಳಲ್ಲ."

ಕೊನೆಗೆ ಪೆನ್ನಿನ ತುದಿಗೆ ಭೂತಗನ್ನಡಿ ಹಿಡಿದರು. "ಗಾಜಿನ ಮ್ಯಾಲೆ ಕೆಂಪಗ ಏನ್ರಿ ಇದು?"

ನಾನು ತಲೆಯೆತ್ತಿ ಮಾಳಿಗೆಯ ತೊಲೆ ನೋಡಿದೆ. ಹೆಂಡತಿ ಬಿಡಲಿಲ್ಲ. "ಖಂಡೇಪೂಜಿಗೆ ಇವರು ಕುಂಕುಮ ಹಚ್ಚಿದ್ರಲ್ರಿ, ಎಣ್ಣ್ಯಾಗ ಕಲಸಿ!"

ಪರದೆಯ ಬೆಳಕನ್ನು ಪೆನ್ನು ನೋಡುವುದೇ ಆ ಗಾಜಿನ ಮೂಲಕವಂತೆ. ಆಯುಧಪೂಜೆಯ ದಿನ ನಾನು ಭಕ್ತಿಯಿಂದ ಅದರ ಕಣ್ಣು ಮುಚ್ಚಿದ್ದೆ! ಕಾಕಾ ಧೋತರದ ಅಂಚಿನಿಂದ ಒರೆಸಿ ಪರದೆಗೆ ಮುಟ್ಟಿಸಿದರು. ಮುರಿದುಹೋದ ಏಕತಾರಿ ಕೋಣೆಯ ತುಂಬ ಮಿಡಿಯಿತು. ಕಾಕಾ ಕಣ್ಣು ಮುಚ್ಚಿ ಕೇಳಿದರು. ಕಣ್ಣು ತೆರೆದಾಗ ಕಿಟಕಿಯಾಚೆ ಹೊತ್ತು ಮುಳುಗಿತ್ತು.

"ತಪ್ಪಾತ್ರಿ ಕಾಕಾ, ಮೊದಲ ಹೇಳಬೇಕಿತ್ತು" ಎಂದೆ.

"ಪೂಜಿ ಮಾಡೂದು ತಪ್ಪೇನ್ರಿ? ನಾ ನಾಳೆ ಮುಂಜಾನಿ ಉಣ್ತೇನಿ, ಮುದುಕಿ ಹಾಡ್ಲಿ" ಎಂದು ನಗುತ್ತ ಬಸ್ಸಿಗೆ ಹೊರಟರು.

ಮರುದಿನ ಭೀಮವ್ವಜ್ಜಿ ಹನ್ನೊಂದು ಪದ ಹಾಡಿದಳು. ಅಂಥ ದೊಡ್ಡ ಮನುಷ್ಯ ಹಸಿದು ಹೋದ ಸಂಜೆ ನನ್ನ ಗಂಟಲಲ್ಲಿ ತುತ್ತು ಇಳಿಯಲಿಲ್ಲ ಎಂದು ಬರೆದು ಈ ಪ್ರಬಂಧ ಮುಗಿಸಿದ್ದೆ. ಹೆಂಡತಿ ಓದಿ ಕೇಳಿದಳು: "ಹಂಗಾರ ಅವತ್ತ ಏಳು ಹೋಳಗಿ ತಿಂದಾವ್ರು ಯಾರ್ರಿ?"