ಉಸ್ತಾದರ ಕಿವಿಯೂ ನನ್ನ ಬಾಯಿಯೂ

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಟ್ಟರೆ ಓದುವವರಿಗೆ ನನ್ನನ್ನು ಬೈಯುವ ಕಷ್ಟ ತಪ್ಪುತ್ತದೆ. ಕಂಡವರ ದನಿಯನ್ನೆಲ್ಲ ಅಣಕಿಸುವುದು ನನ್ನ ಚಟ. ಸ್ವಂತ ದನಿ ಹೇಗಿದೆಯೆಂಬುದು ಮನೆಯವರಿಗೇ ಮರೆತುಹೋಗಿದೆ.

ಆಗ ಭಾನುವಾರ ಬಂತೆಂದರೆ ನಾನು ಕುರ್ಲಾದ ಒಂದು ಗ್ಯಾರೇಜಿನಲ್ಲಿರುತ್ತಿದ್ದೆ. ಅಲ್ಲಿ ನಮ್ಮ ಕಾರ್ ರೇಸಿನ ತಂಡವಿತ್ತು. ತಂಡವೆಂದರೆ ಒಂದು ಹಳೆಯ ಕಾರು, ಮೂರು ಜನ. ಮಾಟುಂಗದಲ್ಲಿ ಹೋಟೆಲು ನಡೆಸುವ ಉಡುಪಿಯ ವಿಠಲಣ್ಣ ಮಾಲೀಕರೂ ಹೌದು, ಡ್ರೈವರೂ ಹೌದು. ವಿಜಾಪುರದ ಬಾಬಾಜಾನ್ ಉಸ್ತಾದರು ಮೆಕ್ಯಾನಿಕ್. ಸ್ಟಾಪ್‌ವಾಚ್ ಹಿಡಿದು ಬಾಯಿ ಬಡಿಯುವವನು ನಾನು. ಹನ್ನೆರಡು ಗಾಡಿ ಓಡಿದರೆ ನಮ್ಮದು ಆರನೆಯದು, ಇಲ್ಲವೇ ಏಳನೆಯದು. ಗೆದ್ದವರಿಗೆ ಹಾರ, ಕೊನೆಯವರಿಗೆ ಕನಿಕರ, ನಡುವಿನವರಿಗೆ ಬರೀ ಧೂಳು. ಆ ವರ್ಷ ಇಂಜಿನ್ ಪೂರ್ತಿ ಬಿಚ್ಚಿ, ಹೊಸ ಪಿಸ್ಟನ್ ಹಾಕಿ ಕಟ್ಟಿದೆವು. ಮೊದಲ ರೇಸಿನಲ್ಲಿ ಆರು, ಎರಡನೆಯದರಲ್ಲಿ ಏಳು.

"ನನಗೆ ಸಾಕಾಯ್ತು ಮಾರಾಯ್ರೆ," ಎಂದರು ವಿಠಲಣ್ಣ. "ಕೊನೆಯ ರೇಸಿನಲ್ಲಿ ಮೂರರೊಳಗೆ ಬಾರದಿದ್ದರೆ ಗಾಡಿ ಮಾರುವುದೇ."

ಉಸ್ತಾದರ ಮುಖ ಇಳಿಯಿತು. ವಾರವಿಡೀ ಟ್ಯಾಕ್ಸಿಗಳ ಕೆಳಗೆ ಮಲಗಿರುವ ಮನುಷ್ಯ ಅವರು. ಭಾನುವಾರದ ಈ ಗಾಡಿಗಾಗಿಯೇ ಉಳಿದ ಆರು ದಿನ ತಳ್ಳುತ್ತಿದ್ದರು.

ಉಸ್ತಾದರು ಇಂಜಿನ್ ನೋಡುವುದಿಲ್ಲ, ಕೇಳುತ್ತಾರೆ. ಚಾಲೂ ಮಾಡಿಸಿ, ಅದಕ್ಕೆ ಬೆನ್ನು ಹಾಕಿ ಡಬ್ಬದ ಮೇಲೆ ಕುಳಿತು, ಚಹಾದ ಗ್ಲಾಸು ಹಿಡಿದು ಕಣ್ಣು ಮುಚ್ಚುತ್ತಾರೆ. ಆ ಬೆನ್ನು ಕಂಡರೆ ನನ್ನ ನಾಲಿಗೆ ತುರಿಸದೆ ಇರುತ್ತದೆಯೇ? ಒಂದು ಭಾನುವಾರ ಬಾನೆಟ್ಟಿನ ಪಕ್ಕ ನಿಂತು, ಕೆಟ್ಟ ಇಂಜಿನಿನ ಹಾಗೆ ಗಂಟಲಿನೊಳಗೇ ಮೆಲ್ಲಗೆ ಟಕ್ ಟಕ್ ಎಂದೆ.

"ಬೇರಿಂಗ್ ಹೋಗೇತಿ!" ಎಂದು ಉಸ್ತಾದರು ಇಂಜಿನ್ ಇಳಿಸಿ ಬಿಚ್ಚಿ ನೋಡಿದರು. ಏನೂ ಸಿಗಲಿಲ್ಲ. ಮುಂದಿನ ವಾರ ಮತ್ತೆ ಟಕ್ ಎಂದೆ, ಮತ್ತೆ ಇಳಿಸಿದರು. ಆಗಲೂ ಏನೂ ಸಿಗದೆ, ಎಣ್ಣೆಯ ಕೈಯನ್ನೇ ಹಣೆಗೆ ಒತ್ತಿಕೊಂಡು, "ನನ್ನ ಕಿವಿಗೆ ವಯಸ್ಸಾತೇನೋ," ಎಂದರು. ನನಗೆ ನಗು ಬರಲಿಲ್ಲ. ಒಪ್ಪಿಕೊಂಡೆ. ಅವರು ಹೊಡೆಯಲಿಲ್ಲ, ಬೈಯಲೂ ಇಲ್ಲ. ಎರಡರಲ್ಲಿ ಒಂದಾದರೂ ಮಾಡಿದ್ದರೆ ಹಗುರಾಗುತ್ತಿತ್ತು.

ಕೊನೆಯ ರೇಸಿನ ದಿನ, ಗಾಡಿ ಸಾಲಿಗೆ ಹೋಗುವ ಮುನ್ನ ಉಸ್ತಾದರು ಎಂದಿನಂತೆ ಬೆನ್ನು ಹಾಕಿ ಕುಳಿತರು. ಇಂಜಿನ್ ಚಾಲೂ ಆಯಿತು. ಟಕ್ ಟಕ್.

"ಬಾಯಿ ಮುಚ್ಚಲೇ ಮಂಗ್ಯಾ!"

ನನ್ನ ಬಾಯಲ್ಲಿ ಇಡೀ ಒಂದು ಬಟಾಟೆ ವಡೆ ಇತ್ತು. ಅದನ್ನು ನುಂಗಿ "ನಾನಲ್ಲ" ಎನ್ನುವಷ್ಟರಲ್ಲಿ ವಿಠಲಣ್ಣ ಗಾಡಿಯನ್ನು ಸಾಲಿಗೆ ಒಯ್ದಾಗಿತ್ತು, ಬಾವುಟವೂ ಬಿದ್ದಿತ್ತು. ಮೂರು ಸುತ್ತು ನಾವು ಮೂರನೆಯವರು! ನಾಲ್ಕನೆಯದರಲ್ಲಿ ಗಾಡಿ ಗಡಗಡ ನಡುಗಿ, ಹೊಗೆ ಉಗುಳಿ ನಿಂತಿತು.

ಮೂವರೂ ಸೇರಿ ತಳ್ಳಿಕೊಂಡು ಹೊರಗೆ ತಂದೆವು. ವಿಠಲಣ್ಣ ಹೆಲ್ಮೆಟ್ ತೆಗೆದು, "ಇನ್ನು ಗಿರಾಕಿ ಹುಡುಕುವ," ಎಂದಷ್ಟೇ ಹೇಳಿ ನೀರು ಕುಡಿಯಲು ಹೋದರು. ನಾನು ಉಸ್ತಾದರ ಹತ್ತಿರ ಸರಿದೆ.

"ಉಸ್ತಾದ್, ಆಣೆ ಮಾಡಿ ಹೇಳ್ತೀನಿ, ಈ ಸಲ ಟಕ್ ಅಂದಿದ್ದು ನಾನಲ್ಲ."

ಉಸ್ತಾದರು ಬಾನೆಟ್ ಎತ್ತಿ ಒಳಗೆ ನೋಡಿ, ಮುಚ್ಚಿ, ಅದರ ಮೇಲೆ ಕೈಯಿಟ್ಟು ಹೇಳಿದರು: "ಗೊತ್ತಾತ್ ಬಿಡೋ. ನೀ ಆಗಿದ್ರ ನಾಕನೇ ಸುತ್ತಿಗೆ ನಿಲ್ತಿದ್ದಿಲ್ಲ, ಕಡೀತನಕ ಒದರಕೋತನ ಇರ್ತಿದ್ದಿ."