ಸ್ವೆಟರು ಬಂದನೋ, ಬಂದಳೋ?

ಬಹಳ ಹಿಂದೆ ಒಂದು ರಾಜ್ಯವಿತ್ತು. ಎಷ್ಟು ಹಿಂದೆ ಎಂದು ಕೇಳಬೇಡಿ. ನಾನು ಹೇಳುತ್ತಿದ್ದಂತೆ ನೀವು ಕಿಟಕಿಯಾಚೆ ನೋಡುತ್ತೀರಿ, ಆಮೇಲೆ ಸಂಪಾದಕರಿಗೆ ನೋಟಿಸು ಬರುತ್ತದೆ. ರಾಜ್ಯದ ಹೆಸರು ಪ್ರದರ್ಶನಪುರಿ. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ಫಲಕಭೂಷಣರು. ಅರಮನೆಯ ಗೋಡೆಗೆ ಸುಣ್ಣ ಹೊಡೆಯುವ ಅಗತ್ಯವೇ ಇರಲಿಲ್ಲ, ಅಷ್ಟು ಪ್ರಶಸ್ತಿ ಫಲಕಗಳಿದ್ದವು.

ಒಂದು ದಿನ ನೆರೆರಾಜ್ಯದ ದೊರೆಗೆ ಹೊಸ ಪ್ರಶಸ್ತಿ ಬಂದ ಸುದ್ದಿ ತಲುಪಿತು. ಅಲ್ಲಿನ ಅಂಗಡಿಗಳಲ್ಲಿ ಗಂಡುಮಕ್ಕಳ ಬಟ್ಟೆ ಗೋಡೆಯ ಈಚೆ, ಹೆಣ್ಣುಮಕ್ಕಳ ಬಟ್ಟೆ ಆಚೆ ಇರುತ್ತಿದ್ದವಂತೆ. ಆ ದೊರೆ ಗೋಡೆ ಕೆಡವಿಸಿ, ಎಲ್ಲವನ್ನೂ ಒಟ್ಟಿಗೆ ಇಡಿಸಿ, "ತನಗೆ ಬೇಕಾದ್ದನ್ನು ಮಗುವೇ ಆರಿಸಿಕೊಳ್ಳಲಿ" ಎಂದನಂತೆ. ಒಳ್ಳೆಯ ಮಾತೇ. ಆದರೆ ನಮ್ಮ ಮಹಾರಾಜರ ಕಿವಿಗೆ ಬಿದ್ದದ್ದು ಪ್ರಶಸ್ತಿ ಎಂಬ ಒಂದೇ ಪದ.

"ಮಂತ್ರಿಗಳೇ, ನಾಳೆಯೇ ನಮ್ಮಲ್ಲೂ ಆ ಗೋಡೆಯನ್ನು ಕೆಡವಿಸತಕ್ಕದ್ದು!"

ಮಂತ್ರಿ ತಥಾಸ್ತುಸೇನ ಪೇಟೆಯೆಲ್ಲ ಸುತ್ತಿ ಬಂದು ಕೈಮುಗಿದ. "ಪ್ರಭು, ತಮ್ಮ ದೂರದೃಷ್ಟಿಗೆ ಎಣೆಯಿಲ್ಲ. ಆದರೆ ಕೆಡವಲು ನಮ್ಮಲ್ಲಿ ಗೋಡೆಯೇ ಇಲ್ಲ."

ನಿಜ. ಮಕ್ಕಳ ಬಟ್ಟೆಗೆ ಇದ್ದದ್ದೇ ಒಂದು ಅಂಗಡಿ, ನೀಲಗಂಗವ್ವನದು. ಅಂಗಡಿಯೆಂದರೆ ಎರಡು ಕಂಬ, ನಡುವೆ ಒಂದು ಹಗ್ಗ. ಈ ತುದಿಗೆ ಎಳೆಗೂಸಿನ ಕುಂಚಿಗೆ, ಆ ತುದಿಗೆ ಹತ್ತು ವರ್ಷದವರ ಅಂಗಿ. ನಡುವೆ ಲಂಗ, ಚಡ್ಡಿ, ಫ್ರಾಕು ಎಲ್ಲ ಒಂದರ ಪಕ್ಕ ಒಂದು ತೂಗುತ್ತಿದ್ದವು. ಬಂದವರನ್ನು ಅವಳು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಎಷ್ಟ್ ವರ್ಷದ್ದೈತಿ ಕೂಸು?"

"ಪ್ರಶಸ್ತಿಯ ಅರ್ಜಿಗೆ ಎರಡು ಚಿತ್ರ ಬೇಕು ಪ್ರಭು," ಎಂದ ತಥಾಸ್ತುಸೇನ. "ಸುಧಾರಣೆಗೆ ಮುಂಚಿನದೊಂದು, ನಂತರದ್ದೊಂದು. ನಮ್ಮಲ್ಲಿ ಮುಂಚೆಯೇ ಇಲ್ಲ. ಆದ್ದರಿಂದ ಗೋಡೆ ಕಟ್ಟುವುದು ಯೋಜನೆಯ ಮೊದಲ ಹಂತ. ಕೆಡವುವುದು ಎರಡನೆಯ ಹಂತ."

"ಭಲೇ! ಇದನ್ನು ನಾವೇ ಹೇಳಬೇಕೆಂದಿದ್ದೆವು!"

ಕೋಣ ಈದಿದೆ ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಆಸ್ಥಾನ ಅದು. ಯಾವ ಬಟ್ಟೆ ಗೋಡೆಯ ಯಾವ ಕಡೆಗೆಂದು ತೀರ್ಮಾನಿಸಲು ಸಂಜೆಯೊಳಗೆ ವಸ್ತ್ರಲಿಂಗ ನಿರ್ಣಯ ಪ್ರಾಧಿಕಾರ ಹುಟ್ಟಿತು. ಆಸ್ಥಾನದ ವೈಯಾಕರಣಿ ಶಬ್ದಶೂರ ಪಂಡಿತರು ಅದರ ಅಧ್ಯಕ್ಷರಾದರು. ಸಂಪುಟ ದರ್ಜೆ, ಗೂಟದ ಪಲ್ಲಕ್ಕಿ, ಮುಂದೆ ಇಬ್ಬರು ದಾರಿ ಬಿಡಿಸುವವರು.

ಮಾಗಿಯ ಚಳಿಗೆ ಹಲ್ಲು ಕಟಕಟಿಸುತ್ತಿದ್ದ ಬೆಳಿಗ್ಗೆ ಪಲ್ಲಕ್ಕಿ ಅಂಗಡಿಯ ಮುಂದೆ ಇಳಿಯಿತು. ಆಗಷ್ಟೇ ಗಾರೆ ಕೆಲಸದ ದ್ಯಾಮವ್ವ ತನ್ನ ಐದು ವರ್ಷದ ಮಗುವಿಗೆ ಹಗ್ಗದಲ್ಲಿ ಉಳಿದಿದ್ದ ಒಂದೇ ಒಂದು ಸ್ವೆಟರು ತೊಡಿಸಿ ಗುಂಡಿ ಹಾಕುತ್ತಿದ್ದಳು. ಬೂದಿ ಬಣ್ಣದ ದಪ್ಪ ಉಣ್ಣೆಯದು. ಮಗು ತೋಳಿನೊಳಗೆ ಬೆರಳು ಎಳೆದುಕೊಂಡು ನಗುತ್ತಿತ್ತು.

"ನಿಲ್ಲಿ! ಈ ಸ್ವೆಟರು ಗಂಡೋ, ಹೆಣ್ಣೋ?" ಎಂದರು ಪಲ್ಲಕ್ಕಿಯಿಂದ ಇಳಿದ ಪಂಡಿತರು.

"ಅದು ಸ್ವೆಟರ್ ಐತ್ರಿ," ಎಂದಳು ನೀಲಗಂಗವ್ವ.

"ವ್ಯಾಕರಣವೇ ಬಗೆಹರಿಸಲಿ. ಇದು ಅಂಗಡಿಗೆ ಬಂದ ದಿನ ಏನೆಂದೆ? ಸ್ವೆಟರು ಬಂದನು ಎಂದೆಯೋ, ಬಂದಳು ಎಂದೆಯೋ?"

"ಬಂತು ಅಂದೆ. ಮತ್ತೇನ್ ಅಂತಾರ್ರಿ?"

ಪಂಡಿತರು ಹೌಹಾರಿದರು. "ಬಂತು! ನಪುಂಸಕಲಿಂಗ! ಗೋಡೆಯ ಈಚೆಗೂ ಸಲ್ಲದು, ಆಚೆಗೂ ಸಲ್ಲದು. ಮುಟ್ಟುಗೋಲು! ಆ ಲಂಗ?"

"ಅದೂ ಬಂತು."

"ಚಡ್ಡಿ?"

"ನಡಕೊಂಡು ಬರಲಿಲ್ರಿ, ಗಂಟಿನಾಗ ಬಂತು."

ಹೀಗೆ ಒಂದೊಂದನ್ನೂ ವಿಚಾರಿಸಿ, ಒಂದೊಂದನ್ನೂ ಗಂಟು ಕಟ್ಟಿ, ಮಧ್ಯಾಹ್ನದೊಳಗೆ ಹಗ್ಗ ಬರಿದು ಮಾಡಿದರು. ಕೊನೆಗೆ ಮಗುವಿನ ಮೈಮೇಲಿನ ಸ್ವೆಟರಿಗೆ ಕೈಹಾಕಿದರು.

"ಬ್ಯಾಡ್ರಿ ಯಪ್ಪಾ! ಮಗು ಚಳಿಗೆ ನಡಗತೈತ್ರಿ!" ಎಂದಳು ದ್ಯಾಮವ್ವ.

"ಮಗು ನಡುಗುತ್ತದೆ ಎಂದೆಯಾ? ನಡುಗುತ್ತಾನೆ ಅಲ್ಲ, ನಡುಗುತ್ತಾಳೆ ಅಲ್ಲ?" ಪಂಡಿತರ ಕಣ್ಣು ಕಿರಿದಾಯಿತು. "ಮಗುವೂ ನಪುಂಸಕಲಿಂಗವೇ. ಜೋಕೆ, ಅದನ್ನೂ ಗಂಟಿಗೆ ಹಾಕಬೇಕಾದೀತು."

ದ್ಯಾಮವ್ವ ತಾನೇ ಗುಂಡಿ ಬಿಚ್ಚಿ ಸ್ವೆಟರು ಕೊಟ್ಟು, ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. ಬರೆಯುವಾಗಲೂ ನನಗೆ ಹೊಟ್ಟೆ ಉರಿಯುತ್ತದೆ ಸ್ವಾಮಿ, ಆದರೆ ಕಾನೂನು ಕಾನೂನೇ.

ಬರಿದಾದ ಅಂಗಡಿಯ ನಡುವೆ ಗೋಡೆ ಎದ್ದಿತು. ಚಿತ್ರ ತೆಗೆದರು. ಮರುವಾರ ಗೋಡೆ ಉರುಳಿತು. ಮತ್ತೆ ಚಿತ್ರ ತೆಗೆದರು. ಇಟ್ಟಿಗೆ ಹೊತ್ತು ತಂದವರು ಮನೆಗೊಬ್ಬರಂತೆ ಊರಿನವರು. ಒಡೆದ ಇಟ್ಟಿಗೆ ಹೊತ್ತು ಹಾಕಿದವರೂ ಅವರೇ. ದ್ಯಾಮವ್ವ ಎರಡೂ ಸಲ ಹೊತ್ತಳು. ಮುಟ್ಟುಗೋಲಾದ ಬಟ್ಟೆಗಳಿಗೋ ಯೋಗ ಖುಲಾಯಿಸಿತು. ಯಾವ ಲಿಂಗಕ್ಕೂ ಸೇರದ ಬಟ್ಟೆ ರಾಜ್ಯದಲ್ಲಿ ಅವು ಮಾತ್ರವೆಂದು ಅರಮನೆಯ ಮುಂದೆ ಗಾಜಿನ ಮನೆ ಕಟ್ಟಿಸಿ ಸಾಲಾಗಿ ತೂಗುಹಾಕಿದರು. ನಡುಮಧ್ಯೆ ಬೂದಿ ಬಣ್ಣದ ಸ್ವೆಟರು. ಕೆಳಗೊಂದು ಬೋರ್ಡು: ಪ್ರದರ್ಶನಕ್ಕೆ ಮಾತ್ರ.

ಪ್ರಶಸ್ತಿ ಬಂದೇ ಬಂತು. ಸಮಾರಂಭಕ್ಕೆ ಊರಿಗೆ ಊರೇ ನಿಂತಿತ್ತು. ಜನ ಮುಂದೆ ನುಗ್ಗದಂತೆ ಅಡ್ಡ ಕಟ್ಟಿದ್ದ ಹಗ್ಗ ನೀಲಗಂಗವ್ವನದೇ. ಅದರ ಹಿಂದೆ ಅವಳು, ಪಕ್ಕದಲ್ಲಿ ದ್ಯಾಮವ್ವ, ಅವಳ ಕಂಕುಳಲ್ಲಿ ಮಗು.

"ಅವ್ವಾ, ನನ್ ಸ್ವೆಟರ್ ಅಲ್ಲೈತಿ," ಎಂದಿತು ಮಗು. ಆಮೇಲೆ ಕೆಮ್ಮಿತು. ಎದೆ ಕಿತ್ತುಬರುವಂಥ ಕೆಮ್ಮು.

ಶಿಶುವಸ್ತ್ರ ಸಾರ್ವಭೌಮ ಎಂಬ ಬಿರುದಿನ ಕಿರೀಟ ತಲೆಗೇರಿದ ಕ್ಷಣದಲ್ಲೇ ಆದ ಭಂಗದಿಂದ ಮಹಾರಾಜರು ಹುಬ್ಬು ಗಂಟಿಕ್ಕಿದರು. "ಯಾರದು ಕೆಮ್ಮಿದ್ದು? ಹುಡುಗನೋ, ಹುಡುಗಿಯೋ?"

"ಮಗು ರೀ," ಎಂದಳು ದ್ಯಾಮವ್ವ. "ಥಂಡಿ ಹತ್ತೈತ್ರಿ. ಆ ಸ್ವೆಟರ್..."

"ಕೇಳಿದಿರಾ!" ಮಹಾರಾಜರ ಕಂಠ ಗದ್ಗದವಾಯಿತು. "ಹುಡುಗ ಎನ್ನಲಿಲ್ಲ, ಹುಡುಗಿ ಎನ್ನಲಿಲ್ಲ, ಮಗು ಎಂದಳು! ನಮ್ಮ ಯೋಜನೆ ಬಡವಿಯ ನಾಲಿಗೆಯವರೆಗೂ ತಲುಪಿದೆ!"

"ಧನ್ಯ ಪ್ರಭು, ಧನ್ಯ!" ಎಂದ ತಥಾಸ್ತುಸೇನ. ಪಂಡಿತರು ಕಣ್ಣೊರೆಸಿಕೊಂಡರು. ಚಪ್ಪಾಳೆ ಎಷ್ಟು ಹೊತ್ತು ಬಿತ್ತೆಂದರೆ ಮುಂದಿನ ಕೆಮ್ಮು ಯಾರಿಗೂ ಕೇಳಿಸಲಿಲ್ಲ. ಗಾಜಿನ ಮನೆಯೊಳಗೆ ಸ್ವೆಟರು ಬೆಚ್ಚಗಿತ್ತು.

ದ್ಯಾಮವ್ವ ಮಾತ್ರ ಚಪ್ಪಾಳೆ ತಟ್ಟಲಿಲ್ಲವೆಂದು ಪ್ರಾಧಿಕಾರದವರು ಹೆಸರು ಬರೆದುಕೊಂಡರು. ಒಂದು ಕೈಯಲ್ಲಿ ಮಗುವನ್ನು ಹಿಡಿದು, ಇನ್ನೊಂದರಿಂದ ಅವಳು ಅದರ ಎದೆ ತಿಕ್ಕುತ್ತಿದ್ದಳು.