ಮಾವನ ಆಮೆ, ಅಳಿಯನ ಕೊಕ್ಕರೆ

ಏಳು ವರ್ಷ ಪ್ರತಿ ಭಾನುವಾರ ತಪ್ಪದೆ ಮಾವನ ಜೊತೆ ಜಗಳವಾಡಿ, ಕೊನೆಗೊಂದು ದಿನ ಆ ಜಗಳವನ್ನು ಪೂರ್ತಿಯಾಗಿ ಗೆದ್ದುಬಿಟ್ಟ ಅಳಿಯನಿಗೆ, ಗೆಲ್ಲದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಜಗಳ ಆಸ್ತಿಯದಲ್ಲ. (ಅದು ಎರಡೂ ಕಡೆ ಇರಲಿಲ್ಲ.) ಹೆಂಡತಿಯ ವಿಚಾರದ್ದೂ ಅಲ್ಲ. (ಅವಳಿಗೆ ಹೆದರುವ ವಿಷಯದಲ್ಲಿ ಮಾವ ಅಳಿಯ ಇಬ್ಬರದೂ ಒಂದೇ ಪಕ್ಷ.) ಜಗಳ ಮೊಬೈಲ್ ಫೋನಿನದು.

ಅಳಿಯನದು ಕನ್ನಡಕದ ಅಂಗಡಿ. ಅವನ ಫೋನಿನ ಬೆನ್ನ ಮೇಲೆ ಒಂಟಿ ಕಾಲಲ್ಲಿ ನಿಂತ ಒಂದು ಬೆಳ್ಳಿ ಬಣ್ಣದ ಕೊಕ್ಕರೆ, ಕಂಪನಿಯ ಗುರುತು. ಆ ಕಂಪನಿಯ ಮೊದಲ ಫೋನಿನಿಂದ ಹಿಡಿದು ಇವತ್ತಿನವರೆಗೆ ಬಂದದ್ದನ್ನೆಲ್ಲ ಅವನು ಕೊಂಡಿದ್ದಾನೆ. ಹೊಸ ಕೊಕ್ಕರೆ ಮಾರುಕಟ್ಟೆಗೆ ಇಳಿಯುವ ದಿನ ಅಂಗಡಿಗೆ ‘ಕಣ್ಣು ಪರೀಕ್ಷೆ ನಾಳೆ’ ಎಂಬ ಬೋರ್ಡು ನೇತುಹಾಕಿ ಸಾಲಿನಲ್ಲಿ ನಿಲ್ಲುತ್ತಿದ್ದ. ಕಣ್ಣು ತೋರಿಸಲು ಬಂದವರಿಗೆ ಗೋಡೆಯ ಅಕ್ಷರ ಓದಿಸಿದ ಮೇಲೆ ತನ್ನ ಫೋನನ್ನು ಮುಂದೆ ಹಿಡಿಯುತ್ತಿದ್ದ.

“ಈಗ ಇದನ್ನ ಓದಿ. ಓದೋಕಾಗುತ್ತಾ?”

“ಆಗುತ್ತೆ ಸಾರ್, ಚೆನ್ನಾಗಿ ಕಾಣಿಸ್ತಿದೆ.”

“ಹಾಗಾದ್ರೆ ದೋಷ ನಿಮ್ಮ ಕಣ್ಣಿಂದಲ್ಲ. ನಿಮ್ಮ ಫೋನಿಂದು.”

ಬಂದವರು ಕನ್ನಡಕ ಬಿಟ್ಟು ಫೋನ್ ಕೊಳ್ಳಲು ಹೋಗುತ್ತಿದ್ದರು. ಹೀಗೆ ಸ್ವಂತ ಗಿರಾಕಿಗಳನ್ನು ಕೊಕ್ಕರೆಯ ಪಾದಕ್ಕೆ ಅರ್ಪಿಸಿದ ಮಹಾನುಭಾವ ಅವನು. ಕಂಪನಿಯವರು ಇದಕ್ಕಾಗಿ ಅವನಿಗೆ ಕೊಟ್ಟದ್ದು, ಪೆಟ್ಟಿಗೆಯೊಳಗೆ ಎಲ್ಲರಿಗೂ ಕೊಡುವ ಒಂದು ಸ್ಟಿಕ್ಕರು. ಅದನ್ನವನು ಸ್ಕೂಟರಿನ ಮುಂದೆ ಅಂಟಿಸಿಕೊಂಡು ಓಡಾಡುತ್ತಿದ್ದ.

ಮಾವ ಮೂವತ್ತನಾಲ್ಕು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ಮೂರು ಬಸ್ ಸ್ಟಾಪ್ ಆಚೆ ಎರಡು ಕೋಣೆಯ ಮನೆ. ಹೆಂಡತಿ ತೀರಿಕೊಂಡ ಮೇಲೆ ಅಡಿಗೆಯನ್ನೂ ಕಲಿತುಕೊಂಡು ಒಬ್ಬರೇ ಇದ್ದರು. ಅವರ ಫೋನಿನ ಬೆನ್ನ ಮೇಲೆ ಇದ್ದದ್ದು ಆಮೆ. ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಬಂದು, ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು, ಆಮೆಯನ್ನು ಎಲ್ಲರಿಗೂ ಕಾಣುವ ಹಾಗೆ ಮೇಜಿನ ನಡುವೆ ಇಟ್ಟರೆಂದರೆ ಯುದ್ಧ ಘೋಷಣೆಯಾಯಿತೆಂದೇ ಅರ್ಥ.

“ಏನು ಅಳಿಯಂದಿರೇ, ನಿಮ್ಮ ಕೊಕ್ಕರೆ ಇನ್ನೂ ಒಂಟಿ ಕಾಲಲ್ಲೇ ನಿಂತಿದೆಯಾ?”

“ನಿಂತಿದೆ ಮಾವ. ಅದು ಏಕಾಗ್ರತೆ.”

“ಏಕಾಗ್ರತೆ ಅಲ್ಲ, ಇನ್ನೊಂದು ಕಾಲು ಬೇಕಾದ್ರೆ ಬೇರೆ ತಗೋಬೇಕು. ಚಾರ್ಜರ್ ಬೇರೆ, ವೈರ್ ಬೇರೆ, ಕಾಲೂ ಬೇರೆ. ನಮ್ಮ ಆಮೆ ನೋಡಿ, ಮನೇನೇ ಬೆನ್ನ ಮೇಲೆ ಹೊತ್ಕೊಂಡು ಬಂದಿದೆ.”

“ಅದಕ್ಕೇ ಅಷ್ಟು ನಿಧಾನ. ಅದರಲ್ಲಿ ಒಂದು ಫೋಟೋ ತೆಗೀಬೇಕು ಅಂದ್ರೆ ಹಿಂದಿನ ದಿನವೇ ಅರ್ಜಿ ಹಾಕಬೇಕು.”

“ಲಿಫ್ಟು ಬೇಗ ಬರಬೇಕು ಅನ್ನೋರು ನೀವು. ನಡುವೆ ಎಲ್ಲೂ ನಿಲ್ಲಬಾರದು ಅನ್ನೋನು ನಾನು.”

“ನಿಮ್ಮದು ನಿಲ್ಲೋಕೆ ಮೊದಲು ಹೊರಡಬೇಕಲ್ಲಾ ಮಾವ!”

ಅಷ್ಟರಲ್ಲಿ ಅಡಿಗೆಮನೆಯಿಂದ ಹೆಂಡತಿಯ ಧ್ವನಿ: “ಇಬ್ಬರೂ ಆ ಪ್ರಾಣಿಗಳನ್ನ ಮೇಜಿನ ಮೇಲಿಂದ ತೆಗೀರಿ. ತಟ್ಟೆ ಇಡಬೇಕು.”

ಊಟದ ನಂತರವೂ ಯುದ್ಧ ನಡೆಯುತ್ತಿತ್ತು. ಕೊನೆಗೆ ಮಾವ ಚಪ್ಪಲಿ ಮೆಟ್ಟಿಕೊಳ್ಳುತ್ತಾ, “ಬ್ಯಾಟರಿ ವಿಷಯ ಬಾಕಿ ಇದೆ. ಮುಂದಿನ ವಾರ ನೋಡ್ಕೋತೀನಿ” ಎಂದು ಎಚ್ಚರಿಕೆ ಕೊಟ್ಟು ಹೊರಡುತ್ತಿದ್ದರು.

ಅಳಿಯ ಗೆದ್ದದ್ದು ಮಗಳ ಶಾಲೆಯ ಆಟದ ಮೈದಾನದಲ್ಲಿ.

ನಾಲ್ಕನೇ ಕ್ಲಾಸಿನ ಆ ಹುಡುಗಿ ಓಟದಲ್ಲಿ ಮೂರನೆಯವಳಾಗಿ ಬಂದಿದ್ದಳು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಲ್ಲರಿಗಿಂತ ಮೊದಲೇ ಬಂದು ಹಗ್ಗದ ಪಕ್ಕ ಜಾಗ ಹಿಡಿದಿದ್ದರು. ಮೊಮ್ಮಗಳು ಪದಕ ಹಾಕಿಸಿಕೊಳ್ಳಲು ಮೆಟ್ಟಿಲು ಹತ್ತಿದಳು. ಮಾವ ಆಮೆಯನ್ನು ಎತ್ತಿ ಹಿಡಿದರು. ಆಮೆ ತಲೆ ಒಳಗೆಳೆದುಕೊಂಡಿತು. ಪರದೆ ಹಳೆಯ ಚಿತ್ರದಲ್ಲೇ ನಿಂತುಬಿಟ್ಟು, ಅದರ ಮೇಲೆ ಹುಡುಗಿ ಇನ್ನೂ ಓಟ ಶುರುವಾಗುವ ಗೆರೆಯಲ್ಲೇ ಬಗ್ಗಿ ನಿಂತಿದ್ದಾಳೆ! ಮಾವ ಒತ್ತಿದರು, ಅಲುಗಾಡಿಸಿದರು, ಅಂಗಿಯ ತುದಿಯಿಂದ ಒರೆಸಿದರು. “ತಡಿಯಮ್ಮಾ, ಒಂದೇ ನಿಮಿಷ, ಇಳೀಬೇಡ” ಎಂದು ಕೂಗಿದರು. ಪದಕ ಕೊಡುವವರು ಆಗಲೇ ಮುಂದಿನ ಮಗುವಿನ ಹೆಸರು ಕರೆದಿದ್ದರು.

ಏಳು ವರ್ಷದಿಂದ ಇಂಥ ಒಂದು ಗಳಿಗೆಗಾಗಿ ಕಾದಿದ್ದ ಅಳಿಯ ಸುಮ್ಮನಿರಬೇಕಿತ್ತು. ಇರಲಿಲ್ಲ. ಮಾವನ ಕೈಯಿಂದ ಫೋನ್ ತೆಗೆದುಕೊಂಡು ಮೇಲೆತ್ತಿ ಹಿಡಿದು, ಸುತ್ತ ಇದ್ದವರಿಗೆಲ್ಲ ಕೇಳಿಸುವಂತೆ ಸಾರಿದ: “ನೋಡಿ ಸ್ವಾಮೀ, ನೋಡಿ! ಮಕ್ಕಳೆಲ್ಲಾ ಓಡಿ ಮುಗಿಸಿ, ಪದಕಾನೂ ತಗೊಂಡು ಮನೆಗೆ ಹೊರಟ್ರು. ನಮ್ಮ ಮಾವನ ಆಮೆ ಇನ್ನೂ ಶುರುವೇ ಮಾಡಿಲ್ಲ!”

ಜನ ಬಿದ್ದು ಬಿದ್ದು ನಕ್ಕರು. ಸೀಟಿ ಕಚ್ಚಿಕೊಂಡಿದ್ದ ಆಟದ ಮೇಷ್ಟ್ರು ನಕ್ಕಾಗ ಸೀಟಿಯೂ ಪೀ ಎಂದಿತು. ಮಾವನೂ ನಕ್ಕರು. ಆದರೆ ಎಲ್ಲರಿಗಿಂತ ಸ್ವಲ್ಪ ತಡವಾಗಿ ನಕ್ಕರು. ಆಮೇಲೆ ಫೋನನ್ನು ಈಸಿಕೊಂಡು ಜೇಬಿಗೆ ಹಾಕಿದರು. ಮೊಮ್ಮಗಳು ಪದಕದ ಜೊತೆ ಓಡಿ ಬಂದು ಎದುರಿಗೆ ನಿಂತರೂ ಹೊರಗೆ ತೆಗೆಯಲಿಲ್ಲ. ಆ ತಡವಾದ ನಗು ಅಳಿಯನ ಕಣ್ಣಿಗೆ ಬಿದ್ದಿತ್ತು. ಗೆಲುವಿನ ಅಮಲಿನಲ್ಲಿ ಅದನ್ನವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಅಷ್ಟೆ.

ಮುಂದಿನ ಭಾನುವಾರ ಮಾವ ಬಂದು ಕೂತರು. ಮೇಜಿನ ಮೇಲೆ ಏನೂ ಇಡಲಿಲ್ಲ.

“ಅಳಿಯಂದಿರೇ, ನೀವು ಹೇಳ್ತಿದ್ದದ್ದೇ ಸರಿ. ನನಗೂ ಒಂದು ಕೊಕ್ಕರೆ ಕೊಡಿಸಿ.”

ಅಳಿಯನಿಗೆ ಆಕಾಶ ಮೂರೇ ಗೇಣು. ಅರ್ಧ ಗಂಟೆಯೊಳಗೆ ಮಾವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕೊಕ್ಕರೆ ಅಂಗಡಿಗೆ ಹೋದ. ಬೆರಳಚ್ಚು ದಾಖಲಿಸುವಾಗ ಮಾತ್ರ ತೊಡಕಾಯಿತು. ಮಾವ ಹೆಬ್ಬೆರಳಿಟ್ಟರು, ಫೋನ್ ಒಪ್ಪಲಿಲ್ಲ. ತೋರುಬೆರಳಿಟ್ಟರು, ಒಪ್ಪಲಿಲ್ಲ. ಹತ್ತೂ ಬೆರಳುಗಳ ಸಂದರ್ಶನ ನಡೆಸಿ ಕೊಕ್ಕರೆ ಹತ್ತನ್ನೂ ತಿರಸ್ಕರಿಸಿತು.

“ಗೆರೆಯೆಲ್ಲಾ ಲಿಫ್ಟಿನ ಹಗ್ಗಕ್ಕೆ ಹೋಯ್ತು ಅಂತ ಕಾಣುತ್ತೆ” ಎಂದು ಮಾವ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡರು, ತಪ್ಪು ತಮ್ಮದೇ ಎಂಬಂತೆ. ಅಳಿಯ ತನ್ನ ಮಗಳು ಹುಟ್ಟಿದ ತಾರೀಖನ್ನೇ ಬೀಗದ ಸಂಖ್ಯೆಯಾಗಿ ಹಾಕಿಕೊಟ್ಟ.

ಆಮೇಲಿನ ಭಾನುವಾರಗಳ ಕಥೆ ಕೇಳಬೇಡಿ.

“ಹೇಗಿದೆ ಮಾವ, ಫೋನು?”

“ಚೆನ್ನಾಗಿದೆ.”

“ಕ್ಯಾಮೆರಾ?”

“ಅದೂ ಚೆನ್ನಾಗಿದೆ.”

ಗಡಿಯಾರದ ಟಿಕ್ ಟಿಕ್ ಕೇಳಿಸುತ್ತಿತ್ತು. ಆ ಮನೆಯಲ್ಲಿ ಗಡಿಯಾರಕ್ಕೆ ಸದ್ದಿದೆ ಎಂಬುದೇ ಅಳಿಯನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಏನಾದರೂ ಕಿಡಿ ಹೊತ್ತಲಿ ಎಂದು, ಜೀವಮಾನದಲ್ಲಿ ಮೊದಲ ಸಲ ಕೊಕ್ಕರೆಯ ಮೇಲೆ ತಾನೇ ಒಂದು ಅಪವಾದ ಹೊರಿಸಿದ: “ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತೆ, ಅಲ್ವಾ ಮಾವ?”

“ಇಲ್ಲಪ್ಪ, ನನಗೆ ಸಾಕಾಗುತ್ತೆ.”

ಹತ್ತೂವರೆಗೆಲ್ಲಾ ಮಾವ ಎದ್ದುಬಿಡುತ್ತಿದ್ದರು. ಬರಬರುತ್ತಾ ವಾರ ಬಿಟ್ಟು ವಾರ ಬಂದರು. ಕೊನೆಗೆ ಎರಡು ಭಾನುವಾರ ಬರಲೇ ಇಲ್ಲ. ಫೋನ್ ಮಾಡಿದರೆ, “ಸ್ವಲ್ಪ ಕೆಲಸ ಇದೆ ಅಳಿಯಂದಿರೇ” ಎಂದರು. ನಿವೃತ್ತರಾದವರಿಗೆ ಎಂಥ ಕೆಲಸ?

“ನಿಮಗೊಂದು ವಿಷಯ ಹೇಳ್ಲಾ?” ಎಂದಳು ಹೆಂಡತಿ. ಒಗೆದ ಬಟ್ಟೆ ಮಡಿಸುತ್ತಿದ್ದವಳು ಅವನ ಮುಖ ನೋಡಲಿಲ್ಲ. “ಅಪ್ಪನಿಗೆ ಆ ಆಮೆ ಮೇಲೆ ಯಾವ ಪ್ರೀತೀನೂ ಇರಲಿಲ್ಲ. ಅವತ್ತು ಅಂಗಡೀಲಿ ಅದೊಂದೇ ಇತ್ತು, ತಗೊಂಡ್ರು.”

“ಮತ್ತೆ ಏಳು ವರ್ಷ ಅದಕ್ಕೋಸ್ಕರ ಕತ್ತಿ ಝಳಪಿಸಿದ್ರಲ್ಲೇ?”

“ಅಮ್ಮ ಹೋದ ಮೇಲೆ ಅಪ್ಪ ಯಾರ ಹತ್ರಾನೂ ಮಾತಾಡ್ತಿರಲಿಲ್ಲ. ನೀವು ಒಂದು ಭಾನುವಾರ ಅವರ ಫೋನಿಗೆ ಬೈದ್ರಿ. ಮಾರನೇ ದಿನವೇ ಅಂಗಡಿಗೆ ಹೋಗಿ, ‘ಈ ಫೋನಲ್ಲಿ ಒಳ್ಳೇದು ಏನಿದೆ, ನಾಲ್ಕು ಮಾತು ಹೇಳಿಕೊಡಪ್ಪಾ, ಅಳಿಯನಿಗೆ ಉತ್ತರ ಕೊಡಬೇಕು’ ಅಂತ ಕೇಳಿದ್ರಂತೆ. ಆಮೇಲೆ ಪ್ರತಿ ಶನಿವಾರ ಲೈಬ್ರರಿಗೆ ಹೋಗಿ ಪೇಪರಿನಲ್ಲಿ ಹುಡುಕೋರು. ವಾರವಿಡೀ ಅವರಿಗೆ ಅದೇ ಯೋಚನೆ.” ಅವಳು ಒಂದು ಟವೆಲನ್ನು ಬೇಕಾದ್ದಕ್ಕಿಂತ ಜೋರಾಗಿ ಕೊಡವಿದಳು. “ಈಗ ಯೋಚನೆ ಮಾಡೋಕೆ ಏನೂ ಇಲ್ಲದ ಹಾಗೆ ಮಾಡಿದ್ರಿ. ಅದೂ ಊರ ಜನದ ಮುಂದೆ ನಗಾಡಿ.”

ಅಳಿಯ ಎರಡು ದಿನ ಅಂಗಡಿಯಲ್ಲಿ ಯಾರಿಗೂ ಫೋನ್ ತೋರಿಸಲಿಲ್ಲ. (ಆ ಎರಡು ದಿನ ಕನ್ನಡಕ ಚೆನ್ನಾಗಿ ಖರ್ಚಾಯಿತು.) ಮೂರನೆಯ ದಿನ ಅವನಿಗೆ ಒಂದು ದಿವ್ಯ ಉಪಾಯ ಹೊಳೆಯಿತು. ಜಗಳಕ್ಕೆ ಇಬ್ಬರು ಬೇಕು. ಮಾವ ಈ ಕಡೆಗೆ ಬಂದಾಯಿತು. ಹಾಗಾದರೆ ತಾನು ಆ ಕಡೆಗೆ ಹೋದರಾಯಿತು!

ಹೆಲ್ಮೆಟ್ ತೆಗೆಯದೆಯೇ ಆಮೆ ಅಂಗಡಿಗೆ ನುಗ್ಗಿದ. ಅಂಗಡಿಯಾಕೆ ಮೊದಲು ಬೆಚ್ಚಿಬಿದ್ದು, ಆಮೇಲೆ ಗಾಜಿನೊಳಗೆ ಇಣುಕಿ, “ಅಯ್ಯೋ, ಕನ್ನಡಕದ ಸಾರ್ ಅಲ್ವಾ! ನಮ್ಮಮ್ಮನಿಗೆ ಆಮೆ ಮಾರಿಸಿ ಕೊಕ್ಕರೆ ತಗೊಳ್ಳೋ ಹಾಗೆ ಮಾಡಿದ್ದು ನೀವೇ ಅಲ್ವಾ?” ಎಂದು ಅಂಗಡಿಗೆಲ್ಲಾ ಕೇಳುವಂತೆ ವಿಚಾರಿಸಿದಳು. ಆ ಅವಮಾನವನ್ನೆಲ್ಲಾ ನುಂಗಿಕೊಂಡು ಆಮೆಯನ್ನು ಮನೆಗೆ ತಂದ. ಅದರಲ್ಲಿ ಯಾವುದು ಎಲ್ಲಿದೆ ಎಂಬುದೇ ಗೊತ್ತಾಗಲಿಲ್ಲ. ಟಾರ್ಚ್ ಹಚ್ಚಲು ಹೋದರೆ ತನ್ನದೇ ಮುಖದ ಫೋಟೋ ಬೀಳುತ್ತಿತ್ತು. ಇರಲಿ, ಇದು ಪ್ರಾಯಶ್ಚಿತ್ತ ಎಂದುಕೊಂಡ.

“ಈ ಭಾನುವಾರ ಬರಲೇಬೇಕು ಮಾವ” ಎಂದು ದುಂಬಾಲು ಬಿದ್ದು ಕರೆಸಿಕೊಂಡ. ಆಟದ ದಿನ ತಾನು ಮಾಡಿದ್ದು ತಪ್ಪಾಯಿತು ಎಂದು ಮೊದಲು ಹೇಳಬೇಕು, ಆಮೇಲೆ ಜಗಳ ಶುರು ಮಾಡಬೇಕು, ಇದು ಅವನ ಯೋಜನೆ. ಮಾವ ಬೆತ್ತದ ಕುರ್ಚಿಯಲ್ಲಿ ಕೂತರು. ಹೆಗಲಿಗೆ ಅದ್ಯಾವುದೋ ಹೊಸ ಚೀಲ. ಅಳಿಯ ಆಮೆಯನ್ನು ಮೇಜಿನ ನಡುವೆ ಇಟ್ಟ.

ಮಾವ ನೋಡಿದರು. ಬಾಗಿಲ ಕಡೆ ತಿರುಗಿ, ಮೊಮ್ಮಗಳು ಹತ್ತಿರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡು ಧ್ವನಿ ತಗ್ಗಿಸಿದರು.

“ಏನಿದು ಅಳಿಯಂದಿರೇ? ಏನಾದರೂ ದುಡ್ಡಿನ ತೊಂದರೆನಾ?”

“ತೊಂದರೆ ಏನಿಲ್ಲ ಮಾವ. ನನಗೂ ಆಮೇನೇ ಸರಿ ಅನ್ನಿಸ್ತು.”

“ಮಗು ಮುಂದೆ ನಾನೇನೂ ಹೇಳಲ್ಲ. ಆದರೆ ನಿಮ್ಮಂಥೋರು ಇದನ್ನ ತಗೋಬಾರದಿತ್ತು.” ಅಲ್ಲಿಂದ ಶುರುವಾಯಿತು. ಪರದೆಯ ಹೊಳಪು, ಫೋಟೋದ ವೇಗ, ಒಂಟಿ ಕಾಲಿನ ಏಕಾಗ್ರತೆ! ಏಳು ವರ್ಷ ಅಳಿಯ ಆಡಿದ್ದ ಒಂದೊಂದು ಮಾತೂ ಅಕ್ಷರ ಬಿಡದೆ ಅವನ ಮುಂದೆಯೇ ಬಂದು ನಿಂತಿತು. ಇಷ್ಟು ಹೊತ್ತು, ಇಷ್ಟು ಜೋರಾಗಿ, ಇಷ್ಟು ಬೇಜಾರಾಗುವ ಹಾಗೆ ತಾನು ಮಾತಾಡುತ್ತಿದ್ದೆನೇ ಎಂದು ಅವನಿಗೆ ಕಸಿವಿಸಿಯಾಯಿತು. ತಪ್ಪಾಯಿತು ಎನ್ನಲು ಎರಡು ಸಲ ಬಾಯಿ ತೆರೆದ. ಎರಡು ಸಲವೂ ಮಾವ, “ತಡೀರಿ, ಕ್ಯಾಮೆರಾ ವಿಷಯ ಮುಗಿದಿಲ್ಲ” ಎಂದರು.

ಹತ್ತೂಕಾಲಿಗೆ ಅವರು ಗಡಿಯಾರ ನೋಡಿ ದಡಬಡಿಸಿ ಎದ್ದರು.

“ಹೊರಟೆ. ಹನ್ನೊಂದಕ್ಕೆ ಕ್ಲಾಸಿದೆ.”

“ಯಾವ ಕ್ಲಾಸು?”

“ಗೊತ್ತಿಲ್ವಾ? ಬೆರಳಿನ ವಿಷಯ ಕೇಳೋಣ ಅಂತ ಕೊಕ್ಕರೆ ಅಂಗಡಿಗೆ ಹೋದೆ. ನನ್ನ ಹಾಗೇ ಬೆರಳು ಸವೆದೋರು ಆರು ಜನ ಅಲ್ಲಿ ನಿಂತಿದ್ರು. ಗಾರೆ ಕೆಲಸದೋರು, ಬಟ್ಟೆ ಒಗೆಯೋರು. ನಾನೇ ಎಲ್ಲರಿಗೂ ಬೀಗದ ನಂಬರ್ ಹಾಕಿಕೊಟ್ಟೆ. ಅಂಗಡಿಯೋರು ಮಹಡಿ ಮೇಲೆ ಕುರ್ಚಿ ಹಾಕಿಕೊಟ್ರು. ಈಗ ಭಾನುವಾರ ಭಾನುವಾರ ಮೂವತ್ತು ಜನ ಫೋನ್ ಕಲಿಯೋಕೆ ಬರ್ತಾರೆ. ನನಗೆ ಉಸಿರಾಡೋಕೂ ಪುರುಸೊತ್ತಿಲ್ಲ!”

ಮಾವ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದು ಹೋದರು. ಅಳಿಯ ಖಾಲಿ ಕುರ್ಚಿಯನ್ನು ನೋಡುತ್ತಾ ಕೂತ. ಇಷ್ಟು ದಿನ ಪಾಪ ಮಾವನ ಭಾನುವಾರ ಹಾಳಾಯಿತು ಎಂದು ಮರುಗಿದ್ದೇ ಮರುಗಿದ್ದು. ಹಾಳಾದದ್ದು ತನ್ನದು ಎಂಬುದು ಈಗ ತಿಳಿಯಿತು.

ಆಗ ಆಮೆ ಬಡಿದುಕೊಂಡಿತು. ಮಾವನ ಕರೆ! ಅಳಿಯ ಅವಸರದಿಂದ ಬೆರಳನ್ನು ಬಲಕ್ಕೆ ಎಳೆದ. ಸದ್ದು ನಿಂತಿತು. “ಹಲೋ, ಮಾವ? ಹಲೋ?” ಉತ್ತರವಿಲ್ಲ. ಮತ್ತೆ ಬಡಿದುಕೊಂಡಿತು. ಮತ್ತೆ ಎಳೆದ. ಮತ್ತೆ ಹಲೋ, ಮತ್ತೆ ಮೌನ. ಒಳಗೆ ಹೆಂಡತಿಯ ಫೋನ್ ಸದ್ದು ಮಾಡಿತು. ಅವಳು ಮಾತಾಡಿ ಹೊರಗೆ ಬಂದಳು.

“ಯಾಕ್ರೀ ಅಪ್ಪನ ಫೋನ್ ಕಟ್ ಮಾಡಿದ್ರಿ, ಅದೂ ಎರಡು ಸಲ?”

“ನಾನೆಲ್ಲೇ ಕಟ್ ಮಾಡಿದೆ? ಎತ್ತಿದೆ!”

“ಯಾವ ಕಡೆ ಎಳೆದ್ರಿ?”

“ಬಲಕ್ಕೆ.”

“ಆಮೆ ಫೋನಲ್ಲಿ ಮೇಲಕ್ಕೆ ಎಳೀಬೇಕು. ಪಕ್ಕಕ್ಕೆ ಎಳೆದ್ರೆ ಕಟ್ಟಾಗುತ್ತೆ.” ಅವಳು ಉಸಿರುಬಿಟ್ಟಳು. “ನೀವೂ ಜೊತೆಗೆ ಬರ್ತೀರೇನೋ ಅಂತ ಕೇಳೋಕೆ ಒಂದು ಬಸ್ ಬಿಟ್ಟು ಕಾದಿದ್ರಂತೆ. ಈಗ ಹತ್ತಿಬಿಟ್ಟಿದ್ದಾರೆ. ‘ಜಾಸ್ತಿ ಮಾತಾಡಿಬಿಟ್ಟೆ, ಅಳಿಯಂದಿರಿಗೆ ಬೇಜಾರಾಗಿರಬೇಕು’ ಅಂದ್ರು.”

“ಇಲ್ಲಿ ಕೊಡೇ ನಿನ್ನ ಫೋನು!” ಅದು ಅವನೇ ಹಿಂದೆ ಬಳಸಿ ಬಿಟ್ಟ ಕೊಕ್ಕರೆ. ಬೆರಳಿಗೆ ದಾರಿ ಗೊತ್ತಿತ್ತು. ಮಾವ ಹೆಸರು ನೋಡದೆಯೇ ಎತ್ತಿರಬೇಕು. ಬಸ್ಸಿನ ಗದ್ದಲ ಕಿವಿಗೆ ಅಪ್ಪಳಿಸಿತು.

“ಮಾವ, ನಾನು. ಅವತ್ತು ಆಟದ ದಿನ ನಾನು ಹಾಗೆ ನಗಬಾರದಿತ್ತು. ತಪ್ಪಾಯ್ತು ಮಾವ.”

“ಏನು? ಏನಂದ್ರಿ? ಒಂದೂ ಕೇಳಿಸ್ತಿಲ್ಲ!”

“ತಪ್ಪಾಯ್ತು ಅಂದೆ!”

“ಅಯ್ಯೋ ಬಿಡಿ ಅಳಿಯಂದಿರೇ, ಆಮೆಯಿಂದ ಮಾಡಿದ್ರೆ ಧ್ವನಿ ಹೀಗೇ ಬರೋದು. ನಾನು ಅದಕ್ಕೇ ಬಡ್ಕೊಂಡೆ!”

ಕೈಯಲ್ಲಿರುವುದು ಕೊಕ್ಕರೆಯೇ ಎಂದು ಹೇಳಬಹುದಿತ್ತು. ಏಳು ವರ್ಷ ಇಂಥ ಒಂದು ತಪ್ಪನ್ನೂ ತಿದ್ದದೆ ಬಿಟ್ಟವನಲ್ಲ ಅವನು.

“ಹೌದು ಮಾವ” ಎಂದ. “ಆಮೆಯದೇ ತಪ್ಪು.”